ಹಬ್ಬದ ಮರುದಿನ

ನಮ್ಮ ವಿಶ್ವವಿದ್ಯಾನಿಲಯಗಳ ಆವರಣಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಹಬ್ಬ ರೂಢಿಗೆ ಬಂದಿದೆ. ಅದನ್ನು ಕೆಲವೆಡೆ ಅಂತರರಾಷ್ಟ್ರೀಯ ದಿನವೆಂದೂ ಕೆಲವೆಡೆ ವಿಶ್ವ ಸಂಸ್ಕೃತಿ ಉತ್ಸವವೆಂದೂ ಕರೆಯುತ್ತಾರೆ. ಅಂದು ಬಯಲು ರಂಗಮಂದಿರದ ಸುತ್ತ ಹಲವು ದೇಶಗಳ ಬಾವುಟಗಳು ಹಾರುತ್ತವೆ. ಹೊರನಾಡುಗಳಿಂದ ಓದಲು ಬಂದ ತರುಣ ತರುಣಿಯರು ತಮ್ಮ ತಮ್ಮ ನಾಡಿನ ಉಡುಗೆಯನ್ನುಟ್ಟು ವೇದಿಕೆಯ ಮೇಲೆ ಕುಣಿಯುತ್ತಾರೆ, ಹಾಡುತ್ತಾರೆ. ಪಕ್ಕದಲ್ಲಿ ತಿಂಡಿತೀರ್ಥಗಳ ಮಳಿಗೆಗಳು. ಜಗತ್ತೆಲ್ಲ ಒಂದೇ ಕುಟುಂಬವೆಂದು ಮುಖ್ಯ ಅತಿಥಿಗಳು ಹೇಳುತ್ತಾರೆ. ಎಲ್ಲರೂ ಒಟ್ಟಿಗೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಮರುದಿನ ಬೆಳಗ್ಗೆ ಶಾಮಿಯಾನ ಬಿಚ್ಚುವವರು ಬರುತ್ತಾರೆ.

ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪರಸ್ಪರ ಮುಖವನ್ನೇ ನೋಡದಿರುವುದಕ್ಕಿಂತ ಒಂದು ದಿನವಾದರೂ ನೋಡುವುದು ಮೇಲು. ಆದರೆ ಹಬ್ಬದ ಮರುದಿನ ಆ ಆವರಣದಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಒಂದು ವಿದ್ಯಾಸ್ಥಾನವು ಹೊರನಾಡಿನವರನ್ನು ಬರಮಾಡಿಕೊಂಡಿತೆಂದು ನಾವು ಯಾವಾಗ ಹೇಳಬಹುದು? ಅವರ ಕುಣಿತವನ್ನು ನೋಡಿದಾಗಲೋ, ಅಥವಾ ಅವರಿಂದ ಏನನ್ನಾದರೂ ಕಲಿತಾಗಲೋ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಶತಮಾನದ ಹಿಂದೆ ಬಂಗಾಳದಲ್ಲಿ ನಡೆದ ಒಂದು ಪ್ರಯೋಗವನ್ನು ಇಂದು ತಮ್ಮೊಡನೆ ನೆನೆಯಬೇಕೆಂದಿದ್ದೇನೆ. ಅದು ರವೀಂದ್ರನಾಥ ಠಾಕೂರರ ವಿಶ್ವಭಾರತಿ.

ಬೀರ್‌ಭೂಮ್ ಜಿಲ್ಲೆಯ ಬೋಲ್ಪುರದ ಬಳಿ ಕೆಂಪು ಮಣ್ಣಿನ ಒಂದು ಬಯಲು. 1863ರಲ್ಲಿ ರವೀಂದ್ರರ ತಂದೆ ಮಹರ್ಷಿ ದೇವೇಂದ್ರನಾಥರು ಅಲ್ಲಿ ಧ್ಯಾನಕ್ಕೆಂದು ಸ್ವಲ್ಪ ನೆಲವನ್ನು ಪಡೆದರು. 1888ರಲ್ಲಿ ಆ ಸ್ಥಳಕ್ಕಾಗಿ ಅವರು ಬರೆಸಿದ ನ್ಯಾಸಪತ್ರ ಗಮನಾರ್ಹವಾದುದು. ಅಲ್ಲಿ ವಿಗ್ರಹಾರಾಧನೆ ಕೂಡದು; ಆದರೆ ಯಾವ ಮತದ ನಿಂದೆಯೂ ಕೂಡದು. ವರ್ಷಕ್ಕೊಮ್ಮೆ ಒಂದು ಮೇಳ ನಡೆಯಬೇಕು. ಅಲ್ಲಿಗೆ ಎಲ್ಲ ಮತಗಳ ಸಾಧುಗಳೂ ಬಂದು ಧರ್ಮವಿಚಾರ ಮಾಡಬಹುದು. ಆ ಮೇಳವು 1894ರಲ್ಲಿ ಆರಂಭವಾಯಿತು. ಪೌಷ ಮೇಳವೆಂದು ಪ್ರಸಿದ್ಧವಾದ ಅದಕ್ಕೆ ಏಕತಾರಿ ಹಿಡಿದ ಬಾವುಲರೂ ಸುತ್ತಣ ಹಳ್ಳಿಗಳ ಸಂತಾಲರೂ ಬಂದು ಸೇರುತ್ತ ಬಂದರು. ಅಂದಮೇಲೆ ವಿಶ್ವವಿದ್ಯಾನಿಲಯವು ಹುಟ್ಟುವುದಕ್ಕೆ ಮೊದಲೇ ಆ ನೆಲಕ್ಕೆ ಅನ್ಯರನ್ನು ಕರೆದು ಕೂಡಿಸಿಕೊಳ್ಳುವ ಅಭ್ಯಾಸವಾಗಿತ್ತು. 1901ರಲ್ಲಿ ರವೀಂದ್ರರು ಐವರು ಹುಡುಗರೊಂದಿಗೆ ತಮ್ಮ ಶಾಲೆಯನ್ನು ತೆರೆದುದು ಅಂಥ ನೆಲದ ಮೇಲೆ.

ಆ ಶಾಲೆಯನ್ನು ವಿಶ್ವದ ವಿದ್ಯಾಕೇಂದ್ರವಾಗಿಸುವ ಆಲೋಚನೆ ಬಲಿತದ್ದು 1916ರ ಜಪಾನ್ ಮತ್ತು ಅಮೆರಿಕ ಪ್ರವಾಸದಲ್ಲಿ. ಯೂರೋಪು ಆಗ ಮಹಾಯುದ್ಧದಲ್ಲಿ ಉರಿಯುತ್ತಿತ್ತು. ರಾಷ್ಟ್ರವೆಂಬುದನ್ನೇ ದೇವರಾಗಿಸಿಕೊಂಡ ಜನ ಎಲ್ಲಿಗೆ ಹೋಗಿ ಮುಟ್ಟುತ್ತಾರೆಂಬುದನ್ನು ಕವಿ ಕಣ್ಣಾರೆ ಕಂಡು, ಆ ಕುರಿತು ಜಪಾನಿನಲ್ಲಿಯೂ ಅಮೆರಿಕದಲ್ಲಿಯೂ ಎಚ್ಚರಿಕೆಯ ಮಾತುಗಳನ್ನಾಡಿದರು. ಎರಡೂ ಕಡೆ ಕೇಳಿದವರಲ್ಲಿ ಮುನಿದವರು ಕಡಿಮೆಯಲ್ಲ. 1919ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಭಾರತೀಯ ಸಂಸ್ಕೃತಿಯ ಕೇಂದ್ರವನ್ನು ಕುರಿತು ಅವರು ಮಾಡಿದ ಉಪನ್ಯಾಸದಲ್ಲಿ ಯೋಜನೆಯ ರೂಪುರೇಖೆ ಸ್ಪಷ್ಟವಾಯಿತು. ವೈದಿಕ, ಬೌದ್ಧ, ಜೈನ, ಇಸ್ಲಾಂ, ಸಿಖ್, ಪಾರಸಿ ಮೊದಲಾದ ನಮ್ಮ ಎಲ್ಲ ಧಾರೆಗಳನ್ನೂ ಮೊದಲು ಒಂದೆಡೆ ಅಭ್ಯಾಸ ಮಾಡಬೇಕು. ಆ ಬಳಿಕ ಸಮಾನರಾಗಿ ಪಶ್ಚಿಮದೊಡನೆ ಮಾತಾಡಬೇಕು. ಮನೆಯಲ್ಲಿ ದೀಪ ಹಚ್ಚದೆ ಅತಿಥಿಯನ್ನು ಕರೆಯುವುದೆಂತು ಎಂಬುದು ಇದರ ತಾತ್ಪರ್ಯವೆಂದು ನಾನು ತಿಳಿಯುತ್ತೇನೆ.

1921ನೆಯ ಡಿಸೆಂಬರ್ 23ರಂದು ಮಾವಿನ ತೋಪಿನಲ್ಲಿ ವಿಶ್ವಭಾರತಿಯ ವಿಧ್ಯುಕ್ತ ಪ್ರತಿಷ್ಠೆಯಾಯಿತು. ಆ ಸಭೆಯ ಅಧ್ಯಕ್ಷರು ಆಚಾರ್ಯ ಬ್ರಜೇಂದ್ರನಾಥ ಶೀಲರು. ಕನ್ನಡಿಗರಾದ ನಮಗೆ ಈ ಹೆಸರು ಪರಕೀಯವಲ್ಲ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ 1930ರವರೆಗೆ ಅದನ್ನು ನಡೆಸಿದ ಮಹನೀಯರು ಅವರು. 1911ರಲ್ಲಿ ಲಂಡನ್ನಿನಲ್ಲಿ ಜಗತ್ತಿನ ಜನಾಂಗಗಳ ಪ್ರಥಮ ಮಹಾಸಮ್ಮೇಳನ ಸೇರಿದಾಗ ಜನಾಂಗ, ಕುಲ, ರಾಷ್ಟ್ರಗಳ ಅರ್ಥವೇನೆಂಬುದನ್ನು ಕುರಿತು ಮೊದಲ ಪ್ರಬಂಧವನ್ನು ಮಂಡಿಸಿದವರೂ ಅವರೇ. ಅವರ ಸ್ನೇಹದ ನೆರಳಿನಲ್ಲಿಯೇ ರವೀಂದ್ರರು 1928ರಲ್ಲಿ ಬೆಂಗಳೂರಿಗೆ ಬಂದು ತಂಗಿ ‘ಶೇಷೇರ್ ಕವಿತಾ’ ಕಾದಂಬರಿಯನ್ನು ಬರೆದು ಮುಗಿಸಿದರು.

ಆ 1921 ಎಂಥ ವರ್ಷವೆಂಬುದನ್ನು ಮರೆಯಬಾರದು. ಅಸಹಕಾರ ಚಳವಳಿ ಉಚ್ಛ್ರಾಯದಲ್ಲಿತ್ತು. ವಿದ್ಯಾರ್ಥಿಗಳು ಸರ್ಕಾರಿ ಶಾಲಾಕಾಲೇಜುಗಳನ್ನು ಬಿಟ್ಟು ಹೊರಬರುತ್ತಿದ್ದರು. ವಿದೇಶಿ ಬಟ್ಟೆ ಬೀದಿಗಳಲ್ಲಿ ಉರಿಯುತ್ತಿತ್ತು. ಅದೇ ಸಮಯದಲ್ಲಿ ಒಬ್ಬ ಕವಿ, ಪಶ್ಚಿಮದ ಪಂಡಿತರನ್ನು ಕರೆದು ಪಾಠ ಹೇಳಿಸುತ್ತೇನೆಂದು ಹೊರಟದ್ದು ಹಲವರಿಗೆ ಅಪಸ್ವರವೆನಿಸಿದ್ದರೆ ಆಶ್ಚರ್ಯವಿಲ್ಲ. ಜಗತ್ತಿಗೆಲ್ಲ ಒಂದೇ ಗೂಡು ಎಂಬ ಅರ್ಥದ ವೇದವಾಕ್ಯವನ್ನು ಅವರು ಸಂಸ್ಥೆಯ ಧ್ಯೇಯವಾಗಿ ಆರಿಸಿಕೊಂಡಿದ್ದರು. ಗೂಡು ಎಂಬ ಮಾತನ್ನು ಗಮನಿಸಬೇಕು. ಗೂಡಿನಲ್ಲಿ ಹಕ್ಕಿ ಬಂದು ವಾಸಿಸುತ್ತದೆ. ಅಲ್ಲಿ ಅದು ಪ್ರದರ್ಶನಕ್ಕಿರುವುದಿಲ್ಲ.

ವಿಶ್ವಭಾರತಿಗೆ ಬಂದ ಮೊದಲ ಅತಿಥಿ ಪ್ರಾಧ್ಯಾಪಕರು ಫ್ರಾನ್ಸಿನ ಸಿಲ್ವಾಂ ಲೆವಿ. ಸಂಸ್ಕೃತ, ಚೀನೀ, ಟಿಬೆಟನ್ ಭಾಷೆಗಳಲ್ಲಿ ಮಹಾವಿದ್ವಾಂಸರು. ಅವರು ಒಂದು ಭಾಷಣ ಮಾಡಿ, ಹಾರ ಹಾಕಿಸಿಕೊಂಡು ಹೊರಟುಹೋಗಲಿಲ್ಲ. 1921–22ರಲ್ಲಿ ತಿಂಗಳುಗಟ್ಟಲೆ ನಿಂತು ಪಾಠ ಹೇಳಿದರು. ಅವರ ಮುಂದೆ ವಿದ್ಯಾರ್ಥಿಯಾಗಿ ಕುಳಿತವರಲ್ಲಿ ಒಬ್ಬರು ವಿಧುಶೇಖರ ಶಾಸ್ತ್ರಿಗಳು. ಕಾಶಿಯಲ್ಲಿ ಸಾಂಪ್ರದಾಯಿಕವಾಗಿ ಓದಿ ಪಂಡಿತರೆನಿಸಿಕೊಂಡವರು, ಆಗಲೇ ನಡುವಯಸ್ಸಿನವರು. ಆ ವಯಸ್ಸಿನಲ್ಲಿ ಅವರು ಅಕ್ಷರಾಭ್ಯಾಸದಿಂದ ತೊಡಗಿ ಟಿಬೆಟನ್ ಕಲಿತರು. ಅದರ ಫಲವಾಗಿ, ಸಂಸ್ಕೃತದಲ್ಲಿ ಬಹುಭಾಗ ಕಳೆದುಹೋಗಿದ್ದ ಆರ್ಯದೇವನ ‘ಚತುಃಶತಕ’ವೆಂಬ ಬೌದ್ಧಗ್ರಂಥದ ಉತ್ತರಭಾಗವನ್ನು ಟಿಬೆಟನ್ ಅನುವಾದದ ಆಧಾರದಿಂದ ಮರಳಿ ಸಂಸ್ಕೃತಕ್ಕೆ ತಂದು 1931ರಲ್ಲಿ ಪ್ರಕಟಿಸಿದರು. ಇದರ ಸ್ವಾರಸ್ಯ ನೋಡಿ. ನಾವು ಕಳೆದುಕೊಂಡಿದ್ದ ಗ್ರಂಥವನ್ನು ಟಿಬೆಟ್ಟಿನವರು ಕಾಪಾಡಿಕೊಂಡಿದ್ದರು. ಅದನ್ನು ತೆರೆಯುವ ಬೀಗದ ಕೈ ಪ್ಯಾರಿಸ್ಸಿನಿಂದ ಬಂದಿತು. ತೆರೆದವರು ಕಾಶಿಯ ಪಂಡಿತರು.

ಕಲ್ಕತ್ತೆಯಿಂದ ಬಂದು ಲೆವಿಯವರ ಬಳಿ ಓದಿದ ಇನ್ನೊಬ್ಬ ತರುಣ ಪ್ರಬೋಧಚಂದ್ರ ಬಾಗ್ಚಿ. ಗುರುವಿನೊಡನೆ ನೇಪಾಳಕ್ಕೆ ಹೋಗಿ ಹಸ್ತಪ್ರತಿಗಳನ್ನು ಶೋಧಿಸಿದರು; ಮುಂದೆ ಪ್ಯಾರಿಸ್ಸಿಗೆ ಹೋಗಿ ಚೀನೀ ಭಾಷೆಯ ಬೌದ್ಧ ವಾಙ್ಮಯದಲ್ಲಿ ಪಾರಂಗತರಾದರು; ಕಡೆಗೆ 1954ರಲ್ಲಿ ಅದೇ ವಿಶ್ವಭಾರತಿಯ ಉಪಕುಲಪತಿಗಳಾದರು. ಹೊರಗಿನವರು ಕೂಡ ಕೇವಲ ಕೊಟ್ಟು ಹೋಗಲಿಲ್ಲ. ಪ್ರಾಗ್ ನಗರದಿಂದ ವಿಂಟರ್ನಿಟ್ಸ್ ಬಂದರು; ಅದೇ ನಗರದ ವಿನ್ಸೆಂಟ್ಸ್ ಲೆಸ್ನಿ ಬಂದರು. ಲೆಸ್ನಿಯವರು ಬಂಗಾಳಿಯನ್ನು ಕಲಿತು, ಇಂಗ್ಲಿಷಿನ ಸಹಾಯವಿಲ್ಲದೆಯೇ ರವೀಂದ್ರರ ಕವಿತೆಗಳನ್ನು ಚೆಕ್ ಭಾಷೆಗೆ ತಂದರು. ಒಂದು ಸಂಸ್ಕೃತಿ ಮತ್ತೊಂದನ್ನು ಸಂಧಿಸಿತೆನ್ನುವುದಕ್ಕೆ ಇದಕ್ಕಿಂತ ನಂಬಲರ್ಹವಾದ ಸಾಕ್ಷ್ಯವನ್ನು ನಾನರಿಯೆ.

ಹಾಗಾದರೆ ಶಾಂತಿನಿಕೇತನದಲ್ಲಿ ಹಬ್ಬಗಳಿರಲಿಲ್ಲವೆ ಎಂದು ತಾವು ಕೇಳಬಹುದು. ಧಾರಾಳವಾಗಿದ್ದುವು. ಆದರೆ ಅವು ದೇಶಗಳ ಹಬ್ಬಗಳಾಗಿರಲಿಲ್ಲ, ಋತುಗಳ ಹಬ್ಬಗಳಾಗಿದ್ದುವು. ಮಳೆಗಾಲಕ್ಕೆ ವರ್ಷಾಮಂಗಲ, ವಸಂತಕ್ಕೆ ವಸಂತೋತ್ಸವ. 1928ರಿಂದೀಚೆಗೆ ಗಿಡ ನೆಡುವ ವೃಕ್ಷರೋಪಣ, ನೇಗಿಲು ಹೂಡುವ ಹಲಕರ್ಷಣ. ಡಿಸೆಂಬರ್ 25ರಂದು ಉಪಾಸನಾ ಮಂದಿರದಲ್ಲಿ ಕ್ರಿಸ್ತನ ಸ್ಮರಣೆಯೂ ನಡೆಯುತ್ತಿತ್ತು. ಈ ಆಯ್ಕೆಯ ಹಿಂದೆ ಒಂದು ವಿವೇಕವಿದೆ. ಮಳೆ ಯಾವ ದೇಶದವನ ಮೇಲೂ ಒಂದೇ ತೆರನಾಗಿ ಸುರಿಯುತ್ತದೆ. ಋತುವಿನ ಹಬ್ಬದಲ್ಲಿ ಜಾವಾದಿಂದ ಬಂದವನೂ ಜರ್ಮನಿಯಿಂದ ಬಂದವನೂ ಹಾಡುವವರ ಸಾಲಿನಲ್ಲಿಯೇ ನಿಲ್ಲಬಹುದು. ದೇಶದ ಹಬ್ಬದಲ್ಲಿಯಾದರೋ ಒಬ್ಬನು ವೇದಿಕೆಯ ಮೇಲೆ, ಉಳಿದವರು ಕೆಳಗೆ.

ಹೊರಗಿನ ಕಲೆ ಅಲ್ಲಿಗೆ ಬಂದ ಬಗೆಯೂ ಹಾಗೆಯೇ. 1927ರಲ್ಲಿ ರವೀಂದ್ರರು ಜಾವಾ, ಬಾಲಿ ದ್ವೀಪಗಳನ್ನು ಸುತ್ತಿ ಬಂದ ಮೇಲೆ, ಮೇಣದಿಂದ ಚಿತ್ತಾರ ಬಿಡಿಸಿ ಬಟ್ಟೆಗೆ ಬಣ್ಣ ಕಟ್ಟುವ ಬಾಟಿಕ್ ಕಲೆ ಶಾಂತಿನಿಕೇತನದಲ್ಲಿ ನೆಲೆಯೂರಿತು. ಇಂದು ಅದನ್ನು ಬಂಗಾಳದ ಕಸುಬೆಂದೇ ಕೊಳ್ಳುವವರುಂಟು. ಮಣಿಪುರದಿಂದ ನೃತ್ಯಗುರುಗಳು ಬಂದರು. ಶಾಂತಿದೇವ ಘೋಷರು ಸಿಂಹಳಕ್ಕೆ ಹೋಗಿ ಕ್ಯಾಂಡಿಯ ನೃತ್ಯವನ್ನು ಕಲಿತು ಬಂದರು. ಇವೆಲ್ಲದರ ಜಾಡುಗಳು ‘ಚಿತ್ರಾಂಗದಾ’ ಮೊದಲಾದ ನೃತ್ಯನಾಟಕಗಳಲ್ಲಿ ಒಂದರೊಳಗೊಂದು ಕರಗಿದುವು. ಕಲಿಯಲು ಮೈ ನೋಯಬೇಕು, ಕಾಲ ಹಿಡಿಯಬೇಕು. ಹಾಗೆ ಬಂದದ್ದು ಮಾತ್ರ ಮರುದಿನವೂ ಉಳಿಯುತ್ತದೆ.

ಮಾನ್ಯ ಶ್ರೋತೃಗಳೆ, ಇದನ್ನೆಲ್ಲ ಕೇಳಿ ಅಲ್ಲಿ ಎಲ್ಲವೂ ಸುಗಮವಾಗಿತ್ತೆಂದು ಭಾವಿಸಬಾರದು. ಸಂಸ್ಕೃತಿಯ ಹೆಸರಿನಲ್ಲಿ ಬರುವ ಅತಿಥಿಯ ಹಿಂದೆ ಕೆಲವೊಮ್ಮೆ ಒಂದು ಸರ್ಕಾರವೂ ಬಂದಿರುತ್ತದೆ. 1925ರ ಕೊನೆಯಲ್ಲಿ ಇಟಲಿಯಿಂದ ಕಾರ್ಲೊ ಫಾರ್ಮಿಕಿ, ಜೂಸೆಪ್ಪೆ ತುಚ್ಚಿ ಎಂಬ ಇಬ್ಬರು ವಿದ್ವಾಂಸರು ಬಂದರು. ಅವರೊಡನೆ ಮುಸೋಲಿನಿಯ ಕಾಣಿಕೆಯಾಗಿ ಒಂದು ದೊಡ್ಡ ಪುಸ್ತಕ ಸಂಗ್ರಹ ಬಂತು. ವಿದ್ವಾಂಸರು ನಿಜವಾದ ವಿದ್ವಾಂಸರೇ. ಆದರೆ ಮರುವರ್ಷ ರವೀಂದ್ರರು ಇಟಲಿಗೆ ಹೋದಾಗ ಅವರ ಸೌಜನ್ಯದ ಮಾತುಗಳನ್ನು ಅಲ್ಲಿನ ಪತ್ರಿಕೆಗಳು ಫ್ಯಾಸಿಸ್ಟ್ ಆಡಳಿತದ ಪ್ರಶಂಸೆಯಾಗಿ ತಿರುಚಿ ಮುದ್ರಿಸಿದುವು. ರೊಮೇನ್ ರೊಲಾ ಮೊದಲಾದ ಮಿತ್ರರಿಂದಲೂ ದೇಶಭ್ರಷ್ಟರಾದ ಇಟಾಲಿಯನ್ನರಿಂದಲೂ ವಸ್ತುಸ್ಥಿತಿಯನ್ನು ಕೇಳಿ ತಿಳಿದ ಕವಿ, 1926ರ ಆಗಸ್ಟಿನಲ್ಲಿ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯಲ್ಲಿ ಆ ಆಡಳಿತವನ್ನು ಬಹಿರಂಗವಾಗಿ ಖಂಡಿಸಿದರು. ಕಾಣಿಕೆ ಕೊಟ್ಟವರ ಆದರ ಅಲ್ಲಿಗೆ ತೀರಿತು. ತುಚ್ಚಿಯವರು ಶಾಂತಿನಿಕೇತನದಿಂದ ಹೊರಡಬೇಕಾಯಿತು. ಒಳ್ಳೆಯ ಅಧ್ಯಾಪಕರೊಬ್ಬರು ಹೋದದ್ದು ನಷ್ಟವೇ. ಆದರೆ ಸುಮ್ಮನಿದ್ದು ಅವರನ್ನು ಉಳಿಸಿಕೊಂಡಿದ್ದರೆ ಆಗುತ್ತಿದ್ದ ನಷ್ಟ ಅದಕ್ಕಿಂತ ದೊಡ್ಡದು.

ಇನ್ನೂ ಕಠಿಣವಾದ ಪರೀಕ್ಷೆ ಪೂರ್ವದಿಂದ ಬಂತು. ಚೀನಾದ ತರುಣ ವಿದ್ವಾಂಸ ತಾನ್ ಯುನ್‌ಷಾನ್ ರವೀಂದ್ರರನ್ನು 1927ರಲ್ಲಿ ಸಿಂಗಪುರದಲ್ಲಿ ಕಂಡು, ಮರುವರ್ಷ ಶಾಂತಿನಿಕೇತನಕ್ಕೆ ಬಂದರು. ಕೈಬೆರಳೆಣಿಕೆಯ ವಿದ್ಯಾರ್ಥಿಗಳಿಗೆ ಚೀನೀ ಭಾಷೆ ಕಲಿಸಿದರು, ತಾವು ಸಂಸ್ಕೃತ ಕಲಿತರು. ಚೀನೀ ಭಾಷೆಯ ಅಧ್ಯಯನಕ್ಕೊಂದು ಶಾಶ್ವತವಾದ ಮನೆ ಬೇಕೆಂದು ಹಲವು ವರ್ಷ ಎರಡು ದೇಶಗಳ ನಡುವೆ ಓಡಾಡಿ ಹಣವನ್ನೂ ಗ್ರಂಥಗಳನ್ನೂ ಕೂಡಿಸಿದರು. 1937ನೆಯ ಏಪ್ರಿಲ್ 14ರಂದು, ಬಂಗಾಳಿಗಳ ಹೊಸವರ್ಷದ ದಿನ, ಚೀನಾ ಭವನ ತೆರೆಯಿತು. ಜವಾಹರಲಾಲ್ ನೆಹರೂ ಬರಬೇಕಾಗಿತ್ತು; ಅನಾರೋಗ್ಯದಿಂದ ಬರಲಾಗದೆ, ಅವರ ಸಂದೇಶವನ್ನು ಮಗಳು ಇಂದಿರಾ ತಂದರು. ಅದಾಗಿ ಮೂರು ತಿಂಗಳು ತುಂಬುವುದರೊಳಗೆ ಜಪಾನು ಚೀನಾದ ಮೇಲೆ ಯುದ್ಧ ಹೂಡಿತು.

ಈಗ ಕವಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಜಪಾನಿನ ಮೇಲೆ ಅವರಿಗಿದ್ದ ಪ್ರೀತಿ ಹಳೆಯದು. 1905ರಷ್ಟು ಹಿಂದೆಯೇ ಜಪಾನಿನಿಂದ ಜುಜುತ್ಸು ಮಲ್ಲವಿದ್ಯೆಯ ಗುರುವೊಬ್ಬರನ್ನು ಕರೆಸಿದ್ದರು; 1929ರಲ್ಲಿ ತಕಾಗಾಕಿ ಎಂಬ ಮತ್ತೊಬ್ಬರು ಬಂದು ಹುಡುಗರಿಗಷ್ಟೇ ಅಲ್ಲದೆ ಹುಡುಗಿಯರಿಗೂ ಆ ವಿದ್ಯೆಯನ್ನು ಕಲಿಸಿದ್ದರು. ಜಪಾನಿನ ಕವಿ ಯೋನೆ ನೊಗುಚಿ ಶಾಂತಿನಿಕೇತನಕ್ಕೆ ಅತಿಥಿಯಾಗಿ ಬಂದು ಹೋಗಿದ್ದರು. ಅದೇ ನೊಗುಚಿ 1938ರಲ್ಲಿ, ತಮ್ಮ ದೇಶದ ಯುದ್ಧ ಏಷ್ಯದ ಒಳಿತಿಗಾಗಿಯೇ ನಡೆದಿದೆಯೆಂದು ರವೀಂದ್ರರಿಗೆ ಪತ್ರ ಬರೆದರು. ಹಳೆಯ ಸ್ನೇಹದ ದಾಕ್ಷಿಣ್ಯಕ್ಕೆ ಬಿದ್ದು ರವೀಂದ್ರರು ಉತ್ತರವನ್ನು ಮೃದು ಮಾಡಲಿಲ್ಲ. ಆ ಯುದ್ಧವು ಅನ್ಯಾಯವೆಂದು ನೇರವಾಗಿ ಬರೆದರು, ಪತ್ರಗಳು ಪ್ರಕಟವಾದುವು. ಆದರೆ ಜಪಾನೀ ಜನತೆಯ ಮೇಲಿನ ಪ್ರೀತಿಯನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ದೇಶದ ಚಿತ್ರಕಲೆ ಶಾಂತಿನಿಕೇತನದ ಕಲಾಶಾಲೆಗೆ ಅನ್ಯವೂ ಆಗಲಿಲ್ಲ. ಜಪಾನಿಗೆ ಹೋಗಿ ಅಲ್ಲಿನ ಕುಂಚದ ಬಳಕೆಯನ್ನು ನೋಡಿ ಬಂದಿದ್ದ ವಿನೋದಬಿಹಾರಿ ಮುಖರ್ಜಿಯವರು 1942ರಲ್ಲಿ ಆವರಣದ ದೈನಂದಿನ ಬದುಕನ್ನು ಭಿತ್ತಿಚಿತ್ರವಾಗಿ ಬರೆದರು. ಬರೆದದ್ದೆಲ್ಲಿ? ಚೀನಾ ಭವನದ ಗೋಡೆಯ ಮೇಲೆ. ಚೀನಾ ಜಪಾನುಗಳು ರಣರಂಗದಲ್ಲಿದ್ದ ವರ್ಷ ಅದು.

ಇಪ್ಪತ್ತು ವರ್ಷಗಳ ಮೇಲೆ ಸರದಿ ನಮ್ಮದಾಯಿತು. 1957ರಲ್ಲಿ ವಿಶ್ವಭಾರತಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರನ್ನು ಬರಮಾಡಿಕೊಂಡು ದೇಶಿಕೋತ್ತಮ ಪದವಿಯನ್ನಿತ್ತು ಗೌರವಿಸಿತು. 1962ರಲ್ಲಿ ಗಡಿಯಲ್ಲಿ ಯುದ್ಧವಾಯಿತು. ಭಾರತದಲ್ಲಿ ನೆಲೆಸಿದ್ದ ಸಾವಿರಾರು ಚೀನೀಯರನ್ನು ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಲಾಯಿತು. ಅಂಥ ದಿನಗಳಲ್ಲಿಯೂ ತಾನ್ ಯುನ್‌ಷಾನ್ ಚೀನಾ ಭವನದ ಮುಖ್ಯರಾಗಿ ಉಳಿದರು. ಅವರು ನಿವೃತ್ತರಾದದ್ದು ಐದು ವರ್ಷಗಳ ಬಳಿಕ. ತೀರಿಕೊಂಡದ್ದು 1983ರಲ್ಲಿ, ಬುದ್ಧಗಯೆಯಲ್ಲಿ. ಪದವಿ ಪ್ರದಾನದ ಸಮಾರಂಭವು ಎರಡು ಸರ್ಕಾರಗಳ ಸ್ನೇಹವಿದ್ದಷ್ಟು ದಿನ ಬಾಳಿತು. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟರು ಯುದ್ಧವನ್ನೂ ದಾಟಿ ಬಾಳಿದರು.

ಸೋಲುಗಳೂ ಇದ್ದುವು. ತಕಾಗಾಕಿಯವರು ಹೊರಟ ಮೇಲೆ ಜುಜುತ್ಸು ಅಲ್ಲಿ ಬೇರು ಬಿಡಲಿಲ್ಲ. ಹಣದ ಅಡಚಣೆ ಎಂದೂ ತಪ್ಪಲಿಲ್ಲ. ಎಪ್ಪತ್ತೈದರ ಹತ್ತಿರದ ವಯಸ್ಸಿನಲ್ಲಿ ಕವಿ ನೃತ್ಯನಾಟಕದ ತಂಡ ಕಟ್ಟಿಕೊಂಡು ಊರೂರು ತಿರುಗುವುದನ್ನು ನೋಡಲಾರದೆ ಗಾಂಧೀಜಿ 1936ರಲ್ಲಿ 60,000 ರೂಪಾಯಿಗಳನ್ನು ಕೂಡಿಸಿಕೊಟ್ಟರು. 1951ರಲ್ಲಿ ಸಂಸ್ಥೆ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಹಣ ಬಂತು, ಅದರೊಡನೆ ಕಡತಗಳೂ ಬಂದುವು. 1994ರಲ್ಲಿ ನಿಪ್ಪನ್ ಭವನ, 2018ರಲ್ಲಿ ಬಾಂಗ್ಲಾದೇಶ ಭವನ ತೆರೆದುವು. 2023ರಲ್ಲಿ ಯುನೆಸ್ಕೋ ಶಾಂತಿನಿಕೇತನವನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಇದು ಸಂತೋಷದ ಸಂಗತಿ. ಆದರೆ ಪಟ್ಟಿಗೆ ಸೇರಿದ್ದು ಪ್ರೇಕ್ಷಣೀಯ ಸ್ಥಳವಾಗಿಬಿಡುವ ಅಪಾಯವೂ ಉಂಟು.

ಇನ್ನು ನಮ್ಮ ನಾಡಿನ ಆವರಣಗಳಿಗೆ ಬರೋಣ. ಮೈಸೂರು, ಬೆಂಗಳೂರು ಮೊದಲಾದ ಕಡೆ ಏಷ್ಯ, ಆಫ್ರಿಕಗಳ ಅನೇಕ ದೇಶಗಳ ವಿದ್ಯಾರ್ಥಿಗಳು ಬಂದು ಓದುತ್ತಾರೆ. ಒಮ್ಮೆ ಇಂಥದೊಂದು ಉತ್ಸವದಲ್ಲಿ ನಾನು ಸಭಿಕನಾಗಿದ್ದೆ. ಇಥಿಯೋಪಿಯದ ತರುಣನೊಬ್ಬನು ಭುಜಗಳನ್ನು ಅದುರಿಸುತ್ತ ತನ್ನ ನಾಡಿನ ಕುಣಿತವನ್ನು ಬಹು ಸೊಗಸಾಗಿ ತೋರಿಸಿದನು. ಚಪ್ಪಾಳೆ ಮುಗಿಲು ಮುಟ್ಟಿತು. ಆಮೇಲೆ ಮಾತಿಗೆ ಸಿಕ್ಕಿದಾಗ ಅವನ ಭಾಷೆ ಯಾವುದೆಂದು ವಿಚಾರಿಸಿದೆ. “ಅಮ್ಹಾರಿಕ್, ಸರ್. ಇಲ್ಲಿಗೆ ಬಂದು ಮೂರು ವರ್ಷವಾಯಿತು, ಈ ಮಾತು ಕೇಳಿದವರಲ್ಲಿ ತಾವೇ ಮೊದಲಿಗರು” ಎಂದನು. ಒಂದು ಚೀಟಿಯ ಮೇಲೆ ಅದರ ಲಿಪಿಯನ್ನು ಬರೆದು ತೋರಿಸಿದನು. ನೋಡಿದರೆ, ಅದಕ್ಕೂ ನಮ್ಮಂತೆಯೇ ಕಾಗುಣಿತವಿದೆ! ಒಂದೊಂದು ವ್ಯಂಜನಕ್ಕೂ ಸ್ವರಕ್ಕೆ ತಕ್ಕಂತೆ ಏಳು ರೂಪಗಳು. ಎಡದಿಂದ ಬಲಕ್ಕೆ ಬರೆಯುವ ಕ್ರಮ. ಸಮುದ್ರದಾಚೆಯ ಒಂದು ನಾಡಿನಲ್ಲಿ ಮಕ್ಕಳು ನಮ್ಮ ಮಕ್ಕಳ ಹಾಗೆಯೇ ಕಾಗುಣಿತವನ್ನು ರಾಗವಾಗಿ ಓದುತ್ತಿರಬಹುದೆಂಬ ಯೋಚನೆಯಿಂದ ನನಗಾದ ಸಂತೋಷ ಆ ಸಂಜೆಯ ಯಾವ ಕುಣಿತದಿಂದಲೂ ಆಗಿರಲಿಲ್ಲ. ಭಾಷಾಶಾಸ್ತ್ರದ ವಿಭಾಗ ಅದೇ ಆವರಣದಲ್ಲಿತ್ತು. ಆ ತರುಣನೂ ಅಲ್ಲಿಯೇ ಇದ್ದನು. ಇಬ್ಬರಿಗೂ ಪರಿಚಯವಿರಲಿಲ್ಲ.

ಆಗಬೇಕಾದ ಕೆಲಸ ದೊಡ್ಡದಲ್ಲ, ದುಬಾರಿಯೂ ಅಲ್ಲ. ಹೊರನಾಡಿನ ವಿದ್ಯಾರ್ಥಿಯಿಂದ ವಾರಕ್ಕೆರಡು ಸಂಜೆ ಅವನ ಭಾಷೆಯನ್ನು ಕಲಿಯಲು ಹತ್ತು ಮಂದಿ ಮುಂದೆ ಬಂದರೆ ಅವನು ಅತಿಥಿಯಾಗುವುದರ ಜೊತೆಗೆ ಗುರುವೂ ಆಗುತ್ತಾನೆ. ಅವನಿಗೆ ನಾವು ಕನ್ನಡವನ್ನು ಕಲಿಸಿದರೆ ಅಂಗಡಿ ಬೀದಿಯಲ್ಲಿ ಅವನು ಪರದೇಶಿಯಾಗಿ ನಿಲ್ಲುವುದು ತಪ್ಪುತ್ತದೆ. ವರ್ಷಕ್ಕೆ ಹತ್ತು ಕವಿತೆಗಳಾದರೂ ಇಂಗ್ಲಿಷಿನ ಹಂಗಿಲ್ಲದೆ ಅವನ ಭಾಷೆಯಿಂದ ಕನ್ನಡಕ್ಕೂ ಕನ್ನಡದಿಂದ ಅವನ ಭಾಷೆಗೂ ಹೋಗಲಿ. ದೀಪಾವಳಿಯ ರಜಕ್ಕೆ ವಿದ್ಯಾರ್ಥಿನಿಲಯ ಬರಿದಾದಾಗ ಊರಿಗೆ ಹೋಗಲಾರದೆ ಉಳಿದವನನ್ನು ಒಬ್ಬ ಸಹಪಾಠಿ ತನ್ನ ಮನೆಗೆ ಕರೆದುಕೊಂಡು ಹೋಗಲಿ. ಅವನು ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಅಮ್ಮನವರ ಕೈಯ ಹೋಳಿಗೆ ತಿನ್ನಲಿ. ಇವು ಯಾವುವೂ ವೇದಿಕೆಯ ಮೇಲೆ ನಡೆಯುವ ಕೆಲಸಗಳಲ್ಲ. ಇವುಗಳಿಗೆ ಛಾಯಾಚಿತ್ರಗಾರರು ಬರುವುದಿಲ್ಲ.

ನಾಳೆ ದೇಶದೇಶಗಳ ನಡುವೆ ಮನಸ್ತಾಪ ಬಂದೀತು, ಬಂದೇ ಬರುತ್ತದೆ. ಆಗ ವೇದಿಕೆಯಿಂದ ಮೊದಲು ಇಳಿಯುವುದು ಬಾವುಟಗಳು. ಆದರೆ ಆ ದೇಶದ ಲಿಪಿಯನ್ನು ಬಲ್ಲವರು ನಮ್ಮಲ್ಲಿ ಹತ್ತು ಮಂದಿ ಇದ್ದರೆ, ನಮ್ಮ ಕಾವ್ಯವನ್ನು ಓದಬಲ್ಲವರು ಅಲ್ಲಿ ಇಬ್ಬರಿದ್ದರೆ, ಸರ್ಕಾರಗಳು ಮಾತು ಬಿಟ್ಟ ಮೇಲೂ ಜನರ ನಡುವೆ ಮಾತು ನಿಲ್ಲುವುದಿಲ್ಲ. ಉತ್ಸವಗಳು ನಡೆಯಲಿ, ಕುಣಿತವೂ ಇರಲಿ, ಊಟವೂ ಇರಲಿ. ಶಾಮಿಯಾನ ಬಿಚ್ಚಿದ ಮರುದಿನ ಸಂಜೆ ಒಂದು ಕೊಠಡಿಯಲ್ಲಿ ದೀಪ ಉರಿಯುತ್ತಿರಲಿ. ಒಂದು ಕರಿಹಲಗೆ, ಹತ್ತು ಕುರ್ಚಿ, ಕಲಿಸುವವನೊಬ್ಬ, ಕಲಿಯುವ ಕೆಲವರು. ಅಷ್ಟಾದರೆ ನಮ್ಮ ಆವರಣಗಳೂ ಜಗತ್ತಿಗೆ ಗೂಡಾಗಬಲ್ಲವು.

(ಬಾನುಲಿ ಭಾಷಣ)